ಓದುಗರ ಪ್ರಶ್ನೆ: ಆ್ಯಪ್ ಕೆಲಸ ಹೊರದೇಶಕ್ಕೆ ಕೊಡುವಾಗ

ಕಾಸರಗೋಡಿನಿಂದ ಮತ್ತು ಗಡಿಯಾಚೆಯ ಕನ್ನಡದ ಊರುಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಸಲ ಒಂದೇ ವಿಷಯದ ಸುತ್ತ ಇವೆ: ಮೊಬೈಲ್ ಆ್ಯಪ್ ಮಾಡಿಸಲು ಬೇರೆ ದೇಶದ ತಂಡಕ್ಕೆ ಕೆಲಸ ಕೊಡುವುದು, ಇಲ್ಲವೇ ಅಂಥ ಕೆಲಸ ಹಿಡಿಯುವುದು. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದಾಗಿಸಿದ್ದೇವೆ.

ನಮ್ಮದು ಅಡಿಕೆ, ಕಾಳುಮೆಣಸಿನ ಖರೀದಿ. ಬೆಳೆಗಾರರು ಆ ದಿನದ ದರ ನೋಡಿ ಮಾಲು ಬುಕ್ ಮಾಡುವಂಥ ಆ್ಯಪ್ ಬೇಕು. ಶಾರ್ಜಾದಲ್ಲಿರುವ ಅಳಿಯ ವಿಯೆಟ್ನಾಮಿನ ಒಂದು ತಂಡವನ್ನು ಗೊತ್ತುಮಾಡಿದ್ದಾನೆ. ಅರ್ಧ ಹಣ ಮುಂಗಡ, ಮೂರು ತಿಂಗಳಲ್ಲಿ ಆ್ಯಪ್ ಕೈಗೆ ಅನ್ನುತ್ತಾರೆ. ಒಪ್ಪಬಹುದೆ?
— ಅಡಿಕೆ ವ್ಯಾಪಾರಿ, ಬದಿಯಡ್ಕ

ತಂಡವನ್ನು ಒಪ್ಪಬಹುದು, ಅರ್ಧ ಮುಂಗಡವನ್ನು ಒಪ್ಪಬೇಡಿ. ಗಂಟೆಯ ದರ ಒಂದನ್ನೇ ನೋಡಿ ಹೊರದೇಶಕ್ಕೆ ಹೋಗುವುದೂ ಬೇಡ. ತೆರಿಗೆ, ಬ್ಯಾಂಕ್ ಶುಲ್ಕ, ವಿಷಯ ಮನದಟ್ಟು ಮಾಡಿಸಲು ಹಿಡಿಯುವ ಸಮಯ ಎಲ್ಲ ಕೂಡಿಸಿದರೆ ಮಂಗಳೂರಿನ ತಂಡದ ಲೆಕ್ಕಕ್ಕೂ ಅದಕ್ಕೂ ಎಷ್ಟೋ ಸಲ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಕೆಲಸ ಚೆನ್ನಾಗಿದೆ, ಹಿಂದೆ ಮಾಡಿದ ಆ್ಯಪ್‌ಗಳು ಸ್ಟೋರಿನಲ್ಲಿ ಇವತ್ತಿಗೂ ಓಡುತ್ತಿವೆ ಎಂದಾದರೆ ಮುಂದುವರಿಯಿರಿ.

ಹಣದ ಮಾತಿಗಿಂತ ಮೊದಲು ಕೆಲಸದ ವಿವರ ಬರೆದಿಡಿ. ಒಂದು ಸ್ಕ್ರೀನಿಗೆ ಒಂದು ಹಾಳೆ: ಅದನ್ನು ಯಾರು ನೋಡುತ್ತಾರೆ, ಏನು ಒತ್ತಬಹುದು, ಒತ್ತಿದರೆ ಏನಾಗಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಏನು ಕಾಣಬೇಕು. ದರದ ಸ್ಕ್ರೀನನ್ನೇ ತೆಗೆದುಕೊಳ್ಳಿ. ಹನೋಯಿಯಲ್ಲಿ ಕೂತ ಡೆವಲಪರ್‌ಗೆ 'ಅಡಿಕೆ ದರ' ಅಂದರೆ ಒಂದು ವಸ್ತು, ಒಂದು ಬೆಲೆ. ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಒಂದೊಂದಕ್ಕೂ ಬೇರೆ ಬೆಲೆ ಇರುವುದು ಅವನಿಗೆ ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ಹಾಕಿದ ದರ ಮಧ್ಯಾಹ್ನ ಬದಲಾದರೆ, ಬೆಳಿಗ್ಗೆಯೇ ಬುಕ್ ಮಾಡಿದವರಿಗೆ ಯಾವ ದರ? ಮಾಲು ತಂದಾಗ ಕಡಿಮೆ ಬೆಲೆಯ ಪಟೋರ ಹೆಚ್ಚು ಕಂಡರೆ ಬುಕಿಂಗ್ ಅನ್ನು ಅಂಗಡಿಯವರು ತಿದ್ದಬಹುದೋ, ಬೆಳೆಗಾರರ ಒಪ್ಪಿಗೆ ಬೇಕೋ? ಇವು ಮೊದಲೇ ತಿಳಿದಿದ್ದರೆ ಡೇಟಾಬೇಸನ್ನು ಅದಕ್ಕೆ ತಕ್ಕಂತೆ ಕಟ್ಟುತ್ತಾರೆ. ಎರಡು ತಿಂಗಳಾದ ಮೇಲೆ ಹೇಳಿದರೆ ಅದು 'ಹೆಚ್ಚುವರಿ ಕೆಲಸ' ಆಗುತ್ತದೆ, ಬಿಲ್ಲೂ ಬೇರೆ ಬರುತ್ತದೆ. ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಅಲ್ಲಿ ಮೋಸಕ್ಕಿಂತ ಬರೆಯದೇ ಬಿಟ್ಟ ನಿಯಮವೇ ಹೆಚ್ಚು.

ಮೂರು ತಿಂಗಳ ಕರಾರಿಗೆ ಮೊದಲು ಎರಡು ವಾರದ ಸಣ್ಣ ಕೆಲಸ ಕೊಡಿ, ಹಣ ಕೊಟ್ಟೇ ಕೊಡಿ. ಫೋನ್ ನಂಬರಿನಿಂದ ಲಾಗಿನ್, ದರದ ಪಟ್ಟಿ, ದರ ತಿದ್ದುವ ಅಂಗಡಿಯವರ ಸ್ಕ್ರೀನ್, ಇಷ್ಟೇ ಸಾಕು. ಅವರು ಎಷ್ಟು ಪ್ರಶ್ನೆ ಕೇಳುತ್ತಾರೆ ನೋಡಿ. ಏನೂ ಕೇಳದೆ 'ಆಯ್ತು, ಆಯ್ತು' ಅನ್ನುವ ತಂಡದ ಬಗ್ಗೆ ಎಚ್ಚರವಿರಲಿ.

ಕಂತು ಹೀಗಿಟ್ಟುಕೊಳ್ಳಿ: ಆರಂಭಕ್ಕೆ ಶೇ. 10ರಿಂದ 15. ಆಮೇಲೆ ಎರಡೆರಡು ವಾರಕ್ಕೆ, ನಿಮ್ಮ ಫೋನಿನಲ್ಲಿ ಓಡುವ ಬಿಲ್ಡ್ (ಆ್ಯಪಿನ ಅಷ್ಟರವರೆಗಿನ ಆವೃತ್ತಿ) ಬಂದು, ನೀವು ಪರೀಕ್ಷಿಸಿದ ಮೇಲೆ ಒಂದೊಂದು ಕಂತು. ಕೊನೆಯ ಶೇ. 15ರಿಂದ 20ನ್ನು ಆ್ಯಪ್ ಸ್ಟೋರಿಗೆ ಬಂದು 30 ದಿನ ಕಳೆಯುವ ತನಕ ಹಿಡಿದಿಡಿ. ಫ್ರೀಲಾನ್ಸ್ ತಾಣಗಳ ಮೂಲಕ ಹೋದರೆ ಹಣ ಎಸ್ಕ್ರೋದಲ್ಲಿ, ಅಂದರೆ ಕೆಲಸ ಮುಗಿಯುವ ತನಕ ತಾಣದವರ ವಶದಲ್ಲಿ, ಇರುತ್ತದೆ. ಆದರೆ ಪರೀಕ್ಷೆಗೆ ಕೊಟ್ಟ ದಿನಗಳಲ್ಲಿ ನೀವು ತಕರಾರು ಎತ್ತದಿದ್ದರೆ ಅದು ತಾನಾಗಿ ತಂಡದ ಕೈಸೇರುವ ನಿಯಮ ಕೆಲವೆಡೆ ಇದೆ. ಆ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮತ್ತೊಂದು ವಿಷಯ. ಪರೀಕ್ಷೆಗೆಂದು ಬೆಳೆಗಾರರ ನಿಜವಾದ ಫೋನ್ ನಂಬರು, ಬ್ಯಾಂಕ್ ಖಾತೆ, ಆಧಾರ್ ವಿವರ ಕಳಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹೊಣೆ ನಿಮ್ಮ ಮೇಲೆ ಬರುತ್ತದೆ, ಕೆಲಸ ಮಾಡಿಕೊಡುವವರ ಮೇಲಲ್ಲ. ಸುಳ್ಳು ಹೆಸರು, ಸುಳ್ಳು ನಂಬರಿನ ನೂರು ಸಾಲಿನ ಪಟ್ಟಿ ಮಾಡಿ ಕೊಟ್ಟರೆ ಸಾಕು.

ಆ್ಯಪನ್ನು ತಮ್ಮ ಖಾತೆಯಿಂದಲೇ ಪ್ಲೇ ಸ್ಟೋರಿಗೆ ಹಾಕುತ್ತೇವೆ, ನಿಮಗೆ ಶುಲ್ಕ ಉಳಿಯುತ್ತದೆ ಎಂದು ಪೋಲೆಂಡಿನ ತಂಡ ಹೇಳುತ್ತಿದೆ. ಹಾಗೆ ಮಾಡಿದರೆ ತೊಂದರೆಯೇನು?
— ಬಟ್ಟೆ ಅಂಗಡಿ ಮಾಲೀಕರು, ಕುಂಬಳೆ

ಉಳಿಯುವುದು ಎಷ್ಟು? ಗೂಗಲ್ ಪ್ಲೇಗೆ ಒಮ್ಮೆ ಮಾತ್ರ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಅಷ್ಟಕ್ಕಾಗಿ ಆ್ಯಪನ್ನು ಅವರ ಹೆಸರಿಗೆ ಹಾಕಿಸುವುದು, ಮನೆ ಕಟ್ಟಿಸಿ ಹಕ್ಕುಪತ್ರವನ್ನು ಮೇಸ್ತ್ರಿಯ ಹೆಸರಿಗೆ ಮಾಡಿಸಿದಂತೆ. ಮುಂದೆ ಮನಸ್ತಾಪ ಬಂದರೆ ಹೊಸ ಆವೃತ್ತಿ ಹಾಕಲು ನಿಮಗೆ ದಾರಿಯಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಆ್ಯಪ್ ವರ್ಗಾಯಿಸುವ ಸೌಲಭ್ಯ ಎರಡೂ ಸ್ಟೋರಿನಲ್ಲಿದೆ, ಬಳಕೆದಾರರು ಮತ್ತು ವಿಮರ್ಶೆಗಳೂ ಜೊತೆಗೇ ಬರುತ್ತವೆ. ಆದರೆ ವರ್ಗಾವಣೆಯನ್ನು ಶುರುಮಾಡಬೇಕಾದವರು ಹಳೆಯ ಖಾತೆಯವರೇ.

ಖಾತೆ ತೆರೆಯುವ ಕೆಲಸವನ್ನು ಕೋಡ್ ಬರೆಯಲು ಶುರುಮಾಡುವ ದಿನವೇ ಹಿಡಿಯಿರಿ. ಸಂಸ್ಥೆಯ ಹೆಸರಿನ ಖಾತೆಗೆ ಎರಡೂ ಕಡೆ ಡನ್ಸ್ ಸಂಖ್ಯೆ (ಸಂಸ್ಥೆಯ ಗುರುತಿನ ಸಂಖ್ಯೆ) ಕೇಳುತ್ತಾರೆ. ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್‌ನಿಂದ ಅದು ಉಚಿತವಾಗಿ ಸಿಗುತ್ತದೆ, ಆದರೆ ಕೈಗೆ ಬರಲು ದಿನ ಹಿಡಿಯುತ್ತದೆ. ಜಿಎಸ್‌ಟಿಯಲ್ಲಿರುವ ಹೆಸರು, ವಿಳಾಸದ ಅಕ್ಷರ ಅಕ್ಷರವೂ ಹೊಂದಬೇಕು. 'ಟೆಕ್ಸ್‌ಟೈಲ್' ಒಂದು ಕಡೆ, 'ಟೆಕ್ಸ್‌ಟೈಲ್ಸ್' ಇನ್ನೊಂದು ಕಡೆ ಇದ್ದರೂ ವಾಪಸ್ ಬರುತ್ತದೆ. ಒಬ್ಬರೇ ಮಾಲೀಕರಾದ ಅಂಗಡಿಯನ್ನು ಆ್ಯಪಲ್ ವ್ಯಕ್ತಿಯ ಖಾತೆಯಾಗಿಯೇ ತೆಗೆದುಕೊಳ್ಳುತ್ತದೆ. ಗೂಗಲ್‌ನಲ್ಲಿ ವೈಯಕ್ತಿಕ ಖಾತೆ ತೆರೆದರೆ ಬೇರೊಂದು ಗಂಟು: 2023ರ ನವೆಂಬರ್ 13ರ ನಂತರ ತೆರೆದ ಇಂಥ ಖಾತೆಯವರು ಆ್ಯಪ್ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಮುಚ್ಚಿದ ಪರೀಕ್ಷೆ (ನೀವು ಆಹ್ವಾನಿಸಿದವರು ಮಾತ್ರ ಬಳಸಿ ನೋಡುವುದು) ಮಾಡಿಸಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ಮಧ್ಯೆ ಕೆಲವರು ಹೊರಬಿದ್ದು 12ಕ್ಕಿಂತ ಕಡಿಮೆಯಾದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಹದಿನೆಂಟು ಇಪ್ಪತ್ತು ಜನರನ್ನು ಸೇರಿಸಿಕೊಳ್ಳಿ.

ತಂಡದವರಿಗೆ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಅವರ ಈ-ಮೇಲ್‌ಗೆ ಆಹ್ವಾನ ಕಳಿಸಿ, ಬಿಲ್ಡ್ ಏರಿಸುವಷ್ಟು ಮಾತ್ರ ಅಧಿಕಾರ ಕೊಡಿ. ಎರಡನೇ ಹಂತದ ಕೋಡ್ ಬರುವ ಫೋನ್ ನಂಬರು ನಿಮ್ಮದೇ ಇರಲಿ, ಅಂಗಡಿ ಬಿಟ್ಟುಹೋಗಬಹುದಾದ ಹುಡುಗನದ್ದು ಬೇಡ. ಇದೇ ನಿಯಮ ಡೊಮೇನ್, ಸರ್ವರ್, ಫೈರ್‌ಬೇಸ್, ಮ್ಯಾಪ್ಸ್ ಕೀಯಂಥ ಗೂಗಲ್ ಸೇವೆಗಳ ಖಾತೆ, ಗಿಟ್ ಭಂಡಾರ (ಕೋಡ್ ಕೂಡಿಡುವ ಜಾಗ) ಎಲ್ಲಕ್ಕೂ. ಕೋಡ್ ದಿನಾ ನಿಮ್ಮ ಹೆಸರಿನ ಗಿಟ್ ಭಂಡಾರಕ್ಕೆ ಬರಬೇಕು ಎಂದು ಕರಾರಿನಲ್ಲಿ ಬರೆಯಿರಿ. ಕೊನೆಯಲ್ಲಿ ಒಂದು ಜಿಪ್ ಫೈಲ್ ಕಳಿಸುತ್ತೇವೆ ಅಂದರೆ ಬೇಡವೆನ್ನಿ.

ಆಂಡ್ರಾಯ್ಡ್ ಸಹಿ ಕೀ (ಹೊಸ ಆವೃತ್ತಿ ಅದೇ ಆ್ಯಪಿನದ್ದು ಎಂದು ತೋರಿಸುವ ಡಿಜಿಟಲ್ ಕೀಲಿ) ಬಗ್ಗೆ ಈಗ ಹಿಂದಿನಷ್ಟು ಭಯವಿಲ್ಲ. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳ ಮುಖ್ಯ ಸಹಿ ಕೀ ಗೂಗಲ್ ಬಳಿಯೇ ಇರುತ್ತದೆ, ತಂಡದ ಬಳಿ ಇರುವುದು ಬಿಲ್ಡ್ ಏರಿಸಲು ಮಾತ್ರ ಬೇಕಾದ ಅಪ್‌ಲೋಡ್ ಕೀ. ಅದು ಕಳೆದರೆ ಖಾತೆಯ ಮಾಲೀಕರು ಹೊಸದಕ್ಕೆ ಕೋರಬಹುದು. ಐಫೋನಿನ ನೋಟಿಫಿಕೇಶನ್ ಕೀ ಮಾತ್ರ ಒಂದೇ ಸಲ ಡೌನ್‌ಲೋಡ್ ಆಗುವಂಥದ್ದು. ಅದನ್ನು ನೀವೇ ಇಳಿಸಿ ಜೋಪಾನ ಮಾಡಿ.

ವಿದೇಶಿ ತಂಡಗಳಿಗೆ ಸಾಮಾನ್ಯವಾಗಿ ಗೊತ್ತಿರದ ಒಂದು ವಿಷಯ ಓಟಿಪಿ. ನಮ್ಮಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಲು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ಜಾಲದಲ್ಲಿ ನೋಂದಣಿ ಬೇಕು: ಮೊದಲು ಸಂಸ್ಥೆ, ಆಮೇಲೆ ಕಳಿಸುವವರ ಹೆಸರು, ಆಮೇಲೆ ಸಂದೇಶದ ಮಾದರಿ. ಮಾದರಿಯಲ್ಲಿ ಒಂದು ಪದ ಬದಲಾದರೂ ಸಂದೇಶ ತಲುಪುವುದಿಲ್ಲ. ಅವರು ತಮ್ಮ ದೇಶದಲ್ಲಿ ಪರೀಕ್ಷೆ ಮಾಡಿ 'ಸರಿಯಿದೆ' ಅನ್ನುತ್ತಾರೆ, ಕುಂಬಳೆಯ ಫೋನಿಗೆ ಏನೂ ಬರುವುದಿಲ್ಲ. ಕನ್ನಡದಲ್ಲಿ ಕಳಿಸುವುದಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರವಲ್ಲ, 70. ಒತ್ತು, ಕಾಗುಣಿತದ ಚಿಹ್ನೆಗಳೂ ಅದರಲ್ಲಿ ಎಣಿಕೆಯಾಗುತ್ತವೆ. ಸಂದೇಶ ಚಿಕ್ಕದಾಗಿರಲಿ.

ಉಕ್ರೇನಿನ ತಂಡ ಮಾಡಿದ ನಮ್ಮ ಆ್ಯಪಿನಲ್ಲಿ ಇಂಗ್ಲಿಷ್, ಮರಾಠಿ ಚೆನ್ನಾಗಿ ಕಾಣುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ, ಬಿಲ್ಲಿನ ಪಿಡಿಎಫ್‌ನಲ್ಲಂತೂ ಅಕ್ಷರಗಳು ಚೆಲ್ಲಾಪಿಲ್ಲಿ. ಫಾಂಟ್ ಬದಲಿಸಿದರೂ ಸರಿಹೋಗಲಿಲ್ಲ.
— ಚಾದರ ವ್ಯಾಪಾರಿ, ಅಕ್ಕಲಕೋಟೆ

ಎರಡೂ ಬೇರೆ ಬೇರೆ ದೋಷ. ಒತ್ತು ಕತ್ತರಿಸುವುದಕ್ಕೆ ಕಾರಣ ಸಾಲಿನ ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಸಾಲಿನ ಎತ್ತರವನ್ನೂ ಗುಂಡಿಯ ಎತ್ತರವನ್ನೂ ಗಟ್ಟಿಯಾಗಿ ನಿಗದಿ ಮಾಡಿರುತ್ತಾರೆ. ಮರಾಠಿಯ ಜೋಡಕ್ಷರಗಳು ಹೆಚ್ಚಾಗಿ ಅಡ್ಡಕ್ಕೆ ಬೆಳೆಯುವುದರಿಂದ ಅಲ್ಲಿ ದೋಷ ಕಾಣದು. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ. ಕನ್ನಡಕ್ಕೆ ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಗುಂಡಿಗೆ ನಿಗದಿ ಎತ್ತರದ ಬದಲು ಕನಿಷ್ಠ ಎತ್ತರ ಕೊಡಲಿ. ಅವರು ಹಾಕಿರುವ ಚಂದದ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಫೋನು ತನ್ನದೇ ಫಾಂಟನ್ನು ತಂದು ಹಾಕುತ್ತದೆ, ಒಂದೊಂದು ಫೋನಿನಲ್ಲಿ ಒಂದೊಂದು ಅಳತೆ. ಅದಕ್ಕೆ ನೋಟೊ ಸಾನ್ಸ್ ಕನ್ನಡವನ್ನು ಆ್ಯಪಿನೊಳಗೇ ಸೇರಿಸಲು ಹೇಳಿ.

ಪಿಡಿಎಫ್ ಕಥೆ ಬೇರೆ. ಯುನಿಕೋಡಿನಲ್ಲಿ 'ಷ್ಟ್ರ' ಎಂಬುದು ಬಿಡಿ ವ್ಯಂಜನಗಳು ಮತ್ತು ಹಲಂತಗಳ ಸರಣಿ. ಅದನ್ನು ಜೋಡಿಸಿ ಆಕಾರ ಕೊಡುವುದು ಬೇರೆಯೇ ಕೆಲಸ. ಫೋನಿನ ಸ್ಕ್ರೀನ್ ಅದನ್ನು ಮಾಡುತ್ತದೆ, ಪಿಡಿಎಫ್ ತಯಾರಿಸುವ ಅನೇಕ ಲೈಬ್ರರಿಗಳು (ಡೆವಲಪರ್‌ಗಳು ಬಳಸುವ ಸಿದ್ಧ ಕೋಡ್) ಮಾಡುವುದಿಲ್ಲ. ಹಾಗಾಗಿ ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಬಿಲ್ಲನ್ನು ಮೊದಲು ವೆಬ್ ಪುಟವಾಗಿ ಮಾಡಿ, ಸರ್ವರಿನಲ್ಲಿ ಕ್ರೋಮ್ ಮೂಲಕ ಪಿಡಿಎಫ್ ಮಾಡಿಸಲಿ. ಇಲ್ಲವೇ ಈ ಜೋಡಣೆ ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುವ ಲೈಬ್ರರಿ ಹಿಡಿಯಲಿ. ತಂಡಕ್ಕೆ 'ಹಾರ್ಫ್‌ಬಜ್' ಎಂಬ ಒಂದು ಹೆಸರು ಹೇಳಿದರೆ ಅರ್ಧ ಚರ್ಚೆ ಮುಗಿಯುತ್ತದೆ.

ಇನ್ನೂ ನಾಲ್ಕು ಕಡೆ ನೋಡಿ. ಹೆಸರು ಉದ್ದವಾದಾಗ ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕುವ ಕೋಡ್ ಇದ್ದರೆ ಅದು ಒತ್ತಿನ ಮಧ್ಯದಲ್ಲೇ ಕತ್ತರಿಸಿ, ಹಲಂತವೊಂದು ನೇತಾಡುತ್ತದೆ. ಹುಡುಕಾಟದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಪದ ಸಿಗದೇ ಹೋಗಬಹುದು, ಯಾಕೆಂದರೆ 'ೊ' ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ 'ೆ' ಮತ್ತು 'ೂ' ಎಂಬ ಎರಡಾಗಿಯೂ ಬರೆಯಬಹುದು. ಉಳಿಸುವಾಗ ಮತ್ತು ಹುಡುಕುವಾಗ ಎರಡೂ ಸಲ ಎನ್‌ಎಫ್‌ಸಿ ಎಂಬ, ಒಂದೇ ಸಂಕೇತದ ರೂಪಕ್ಕೆ ತರಬೇಕು. ಹಳೆಯ ನುಡಿ, ಬರಹ ಫಾಂಟಿನ ಕಡತದಿಂದ ಎತ್ತಿ ಹಾಕಿದ ಸರಕಿನ ಪಟ್ಟಿ ಯುನಿಕೋಡ್ ಆಗಿರುವುದಿಲ್ಲ, ಪರಿವರ್ತಿಸಿಯೇ ಕೊಡಿ. ಇಂಗ್ಲಿಷ್ ವಾಕ್ಯದ ನಡುವೆ ಊರಿನ ಹೆಸರು ತುರುಕುವ ಪದ್ಧತಿ ಕನ್ನಡಕ್ಕೆ ಒಗ್ಗುವುದಿಲ್ಲ: ಸೊಲ್ಲಾಪುರಕ್ಕೆ 'ದಿಂದ', ಅಕ್ಕಲಕೋಟೆಗೆ 'ಯಿಂದ'. ವಾಕ್ಯವನ್ನೇ ಬಿಟ್ಟು 'ಊರು: ಸೊಲ್ಲಾಪುರ' ಎಂದು ಹಾಕಿಸಿ.

ತಂಡದಲ್ಲಿ ಕನ್ನಡ ಓದುವವರು ಇರುವುದಿಲ್ಲ. ಅದಕ್ಕೆ ಒಂದು ಪರೀಕ್ಷಾ ಹಾಳೆ ಮಾಡಿಕೊಡಿ: ಸ್ತ್ರೀ, ರಾಷ್ಟ್ರೀಯ, ಲಕ್ಷ್ಮೀ, ಕೃಷ್ಣ, ಅರ್ಘ್ಯ, ಜ್ಞಾನ, ಸೂರ್ಯ, ಉತ್ಕೃಷ್ಟ. ಪ್ರತಿ ಪದದ ಪಕ್ಕದಲ್ಲಿ ಅದು ಕಾಣಬೇಕಾದ ಚಿತ್ರ ಇರಲಿ. ಪ್ರತಿ ಬಿಲ್ಡಿನ ಜೊತೆ ಇದರ ಸ್ಕ್ರೀನ್‌ಶಾಟ್ ಬರಬೇಕು, ಅದೂ ಫೋನಿನ ಅಕ್ಷರ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟು. ನಿಮ್ಮ ಗಿರಾಕಿಗಳಲ್ಲಿ ಕನ್ನಡಕ ಹಾಕುವ ವಯಸ್ಸಿನವರು ಅದನ್ನು ಹಾಗೆಯೇ ಇಟ್ಟುಕೊಂಡಿರುತ್ತಾರೆ.

ಸಮಯದ ವ್ಯತ್ಯಾಸ ಹೇಗೆ ಸಂಭಾಳಿಸುವುದು?
— ಬಿಡಿಭಾಗ ತಯಾರಕರು, ಹೊಸೂರು

ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ, ಇದೊಂದು ಸಮಸ್ಯೆಯೇ ಅಲ್ಲ. ಉಕ್ರೇನಿನ ಕೀವ್ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುವುದರಿಂದ ಮರುದಿನದ ಸಭೆಗೆ ಒಬ್ಬರು ಒಂದು ಗಂಟೆ ಕಾಯುವುದು ಮಾಮೂಲು. ವಾರಕ್ಕೆ ಮೂರು ಸಲ ಅರ್ಧ ಗಂಟೆಯ ಕರೆ ಸಾಕು, ಉಳಿದದ್ದೆಲ್ಲ ಬರವಣಿಗೆಯಲ್ಲಿರಲಿ. ಬಗ್ ತಿಳಿಸುವಾಗ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಯಾವ ಗುಂಡಿ ಒತ್ತಿದಿರಿ, ಏನಾಯಿತು, ಏನಾಗಬೇಕಿತ್ತು, ಸ್ಕ್ರೀನ್ ರೆಕಾರ್ಡಿಂಗ್, ಎಲ್ಲ ಒಂದೇ ಸಲಕ್ಕೆ ಕಳಿಸಿ. ಒಂದು ಪ್ರಶ್ನೆ ಬಾಕಿ ಉಳಿದರೆ ಒಂದು ದಿನ ಹೋಯಿತು. ವಿಯೆಟ್ನಾಮಿನ ಟೆಟ್ ಹಬ್ಬ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಆ ವಾರ ಅಲ್ಲಿಂದ ಉತ್ತರವನ್ನೇ ನಿರೀಕ್ಷಿಸಬೇಡಿ.

ಪೂರ್ತಿ ಹಣ ಕೊಟ್ಟ ಮೇಲೆ ಕೋಡ್ ನಮ್ಮದೇ ಅಲ್ಲವೇ? ಬೇರೆ ಕರಾರು ಯಾಕೆ?
— ಸಹಕಾರಿ ಸಂಘದ ಕಾರ್ಯದರ್ಶಿ, ಮಂಜೇಶ್ವರ

ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದ್ದು. ಹೊರಗಿನ ಗುತ್ತಿಗೆದಾರ ಬರೆದ ಕೋಡ್, ಬರಹದಲ್ಲಿ ವರ್ಗಾಯಿಸುವವರೆಗೆ ಅವನದ್ದೇ. 19ನೇ ಸೆಕ್ಷನ್ ಇನ್ನೂ ಸೂಕ್ಷ್ಮ: ವರ್ಗಾವಣೆ ಪತ್ರಕ್ಕೆ ಸಹಿ ಇರಬೇಕು; ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷ ಮಾತ್ರ; ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದ 'ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಇಡೀ ಜಗತ್ತಿಗೆ, ಬಳಸದಿದ್ದರೂ ಹಕ್ಕು ಉಳಿಯುವಂತೆ' ಎಂದು ಸ್ಪಷ್ಟವಾಗಿ ಬರೆಸಿ. ಆ ತಂಡ ಒಳಗೊಳಗೇ ಬೇರೆಯವರಿಗೆ ಕೆಲಸ ಹಂಚಿದ್ದರೆ ಅವರಿಂದಲೂ ಹಕ್ಕು ಬರೆಸಿಕೊಂಡಿರಬೇಕು ಎಂಬ ಷರತ್ತು ಸೇರಲಿ. ಬಳಸಿದ ತೆರೆದ ಮೂಲದ ಲೈಬ್ರರಿಗಳ ಪಟ್ಟಿ, ಅವುಗಳ ಪರವಾನಗಿ ಸಹಿತ ಕೇಳಿ ಪಡೆಯಿರಿ.

ತಕರಾರಿಗೆ ಕೋರ್ಟಿಗಿಂತ ಮಧ್ಯಸ್ಥಿಕೆಯೇ ಇರಲಿ. ಕಾಸರಗೋಡಿನ ಕೋರ್ಟಿನ ತೀರ್ಪನ್ನು ಹನೋಯಿಯಲ್ಲಿ ಜಾರಿ ಮಾಡಿಸುವುದು ಕಷ್ಟ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತವೂ ವಿಯೆಟ್ನಾಮೂ ಸೇರಿರುವುದರಿಂದ ಇಲ್ಲಿನ ಮಧ್ಯಸ್ಥಿಕೆಯ ತೀರ್ಪಿಗೆ ಅಲ್ಲಿಯೂ ಬೆಲೆಯಿದೆ. ಸಣ್ಣ ಮೊತ್ತಕ್ಕಾದರೆ ಅದೂ ದುಬಾರಿಯೇ. ಅಲ್ಲಿ ನಿಮ್ಮನ್ನು ಕಾಯುವುದು ಹಿಡಿದಿಟ್ಟ ಕೊನೆಯ ಕಂತು.

ಹೊರದೇಶಕ್ಕೆ ಹಣ ಕಳಿಸುವಾಗ ತೆರಿಗೆ?
— ಹತ್ತಿ ವ್ಯಾಪಾರಿ, ಆದವಾನಿ

ಎರಡು ಬಾಬ್ತು. ಒಂದು ಟಿಡಿಎಸ್, ಅಂದರೆ ಕೊಡುವ ಹಣದಲ್ಲೇ ತೆರಿಗೆ ಮುರಿದುಕೊಂಡು ನೀವು ಸರ್ಕಾರಕ್ಕೆ ಕಟ್ಟುವುದು: 1961ರ ಕಾಯ್ದೆಯ 195ನೇ ಸೆಕ್ಷನ್‌ನಲ್ಲಿ ಇದ್ದ ನಿಯಮ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾದರೂ ತತ್ವ ಅದೇ. ಕೊಡುವ ಹಣವನ್ನು ತಾಂತ್ರಿಕ ಸೇವೆಯ ಶುಲ್ಕವೆಂದು ಪರಿಗಣಿಸಿದರೆ ಶೇ. 20, ಮೇಲೆ ಸೆಸ್. ಆ ದೇಶದೊಂದಿಗಿನ ತೆರಿಗೆ ಒಪ್ಪಂದದಲ್ಲಿ ಕಡಿಮೆ ದರವಿದ್ದರೆ ಅದು, ಆದರೆ ಅವರು ತಮ್ಮ ದೇಶದ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಡಬೇಕು. ಬೆಲೆ ಮಾತಾಡುವಾಗಲೇ ಈ ಪ್ರಮಾಣಪತ್ರ ಕೇಳಿ. 'ನಮ್ಮ ಕೈಗೆ ಪೂರ್ತಿ 1000 ಡಾಲರ್ ಬರಬೇಕು' ಎಂದು ಒಪ್ಪಿಕೊಂಡಿದ್ದರೆ, ಒಪ್ಪಂದದ ದರ ಶೇ. 10 ಇದ್ದರೂ ನಿಮ್ಮ ಖರ್ಚು ಸುಮಾರು 1111 ಡಾಲರ್. ಎರಡನೆಯದು ಜಿಎಸ್‌ಟಿ: ಸೇವೆಯ ಆಮದಿಗೆ ರಿವರ್ಸ್ ಚಾರ್ಜ್, ಶೇ. 18, ಸೇವೆ ಕೊಟ್ಟವರ ಬದಲು ಪಡೆದ ನೀವೇ ನಗದಾಗಿ ಕಟ್ಟಬೇಕು. ನೋಂದಣಿ ಇದ್ದವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ವಹಿವಾಟು ಸಣ್ಣದೆಂದು ನೋಂದಣಿ ಮಾಡಿಸದವರಿಗೂ ರಿವರ್ಸ್ ಚಾರ್ಜ್ ಬಂದರೆ ನೋಂದಣಿ ಕಡ್ಡಾಯ. ಮೊದಲ ಕಂತು ಕಳಿಸುವ ಮುನ್ನ ಸಿಎ ಬಳಿ ಕೂತು ಎರಡನ್ನೂ ಲೆಕ್ಕ ಹಾಕಿಸಿ.

ನಾವು ನಾಲ್ವರು ಸೇರಿ ಫ್ಲಟ್ಟರ್‌ನಲ್ಲಿ ಆ್ಯಪ್ ಮಾಡುತ್ತೇವೆ. ದುಬೈಯ ಒಬ್ಬರು ಕೆಲಸ ಕೊಡುತ್ತೇನೆ ಅನ್ನುತ್ತಾರೆ, ಹಣವನ್ನು ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಾರಂತೆ.
— ಡೆವಲಪರ್‌ಗಳು, ಉಪ್ಪಳ

ಕೆಲಸ ತೆಗೆದುಕೊಳ್ಳಿ, ಹಣ ಬ್ಯಾಂಕಿಗೇ ಬರಲಿ. ಜಿಎಸ್‌ಟಿಯಲ್ಲಿ ರಫ್ತು ಎನಿಸಿ ಶೂನ್ಯ ತೆರಿಗೆಯ ಅನುಕೂಲ ಸಿಗಬೇಕಾದರೆ ಹಣ ವಿದೇಶಿ ವಿನಿಮಯದಲ್ಲಿ ಬಂದಿರಬೇಕು (ರಿಸರ್ವ್ ಬ್ಯಾಂಕ್ ಅನುಮತಿಸಿದ ಕಡೆ ರೂಪಾಯಿಯಲ್ಲೂ ಸರಿ). ನೆಂಟರ ಖಾತೆಯ ಮೂಲಕವೋ ಕೈಯಿಂದ ಕೈಗೋ ಬಂದದ್ದಕ್ಕೆ ಆ ದಾಖಲೆ ಇರುವುದಿಲ್ಲ. ಸಾಫ್ಟ್‌ವೇರ್ ಸೇವೆಯ ಉದ್ದೇಶ ಸಂಕೇತ ಪಿ0802 ಎಂದು ಬ್ಯಾಂಕಿಗೆ ತಿಳಿಸಿ, ಪ್ರತಿ ರವಾನೆಗೂ ಅವರಿಂದ ಪತ್ರ ಪಡೆಯಿರಿ. ಜಿಎಸ್‌ಟಿ ನೋಂದಣಿ ಇದ್ದರೆ ಪ್ರತಿ ಆರ್ಥಿಕ ವರ್ಷಕ್ಕೂ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹೊಸದಾಗಿ ಸಲ್ಲಿಸಿ. ಅಮೆರಿಕದ ಗಿರಾಕಿ ಸಿಕ್ಕಿ ಡಬ್ಲ್ಯು-8 ಫಾರಂ (ನೀವು ಅಮೆರಿಕದವರಲ್ಲ ಎಂಬ ತೆರಿಗೆ ಘೋಷಣೆ) ಕೇಳಿದರೆ ಗಾಬರಿ ಬೇಡ. ವ್ಯಕ್ತಿಯಾದರೆ ಡಬ್ಲ್ಯು-8ಬಿಇಎನ್, ಸಂಸ್ಥೆಯಾದರೆ ಕೊನೆಗೆ ಇ ಸೇರಿದ್ದು.

ಯುಎಇಯಲ್ಲಿ 2022ರಿಂದ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರ, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಬಿಡುಗಡೆಯ ದಿನವನ್ನು ಗುರುವಾರ ಇಟ್ಟುಕೊಂಡರೆ ದೋಷ ಕಂಡಾಗ ಆ ಕಡೆ ಫೋನ್ ಎತ್ತುವವರಿರುವುದಿಲ್ಲ. ಸೋಮವಾರ ಒಳ್ಳೆಯದು.

ಮುಕ್ಕಾಲು ಹಣ ಪಡೆದ ತಂಡ ಒಂದು ತಿಂಗಳಿಂದ ಉತ್ತರಿಸುತ್ತಿಲ್ಲ. ಕೋಡ್ ಅರ್ಧ ನಮ್ಮ ಬಳಿ ಇದೆ.
— ಓದುಗರು, ಮಡಕಶಿರಾ

ಮೊದಲ ದಿನವೇ ಸರ್ವರಿನ ಡೇಟಾಬೇಸಿನ ಪ್ರತಿ ಇಳಿಸಿಕೊಳ್ಳಿ, ಆಮೇಲೆ ಅವರ ಪ್ರವೇಶ ತೆಗೆದು ಎಲ್ಲ ಪಾಸ್‌ವರ್ಡ್, ಕೀಗಳನ್ನು ಬದಲಿಸಿ. ಇದೇ ಕ್ರಮದಲ್ಲಿ ಮಾಡಿ. ಕೀ ಬದಲಿಸಿದೊಡನೆ ಓಡುತ್ತಿರುವ ಆ್ಯಪ್ ನಿಂತುಹೋಗಬಹುದು. ನಂತರ ಬೇರೊಬ್ಬ ಡೆವಲಪರ್‌ಗೆ ಎರಡು ಮೂರು ದಿನದ ಹಣ ಕೊಟ್ಟು ಒಂದೇ ಪ್ರಶ್ನೆಗೆ ಉತ್ತರ ಪಡೆಯಿರಿ: ಈ ಕೋಡಿನಿಂದ ಹೊಸ ಕಂಪ್ಯೂಟರಿನಲ್ಲಿ ಬಿಲ್ಡ್ ಆಗುತ್ತದೆಯೇ? ಆದರೆ ಮುಂದುವರಿಸಬಹುದು. ಆಗದಿದ್ದರೆ, ಅಥವಾ ಸರ್ವರಿನ ಕೋಡ್ ನಿಮ್ಮ ಬಳಿ ಇಲ್ಲವೇ ಇಲ್ಲ ಎಂದಾದರೆ, ತೇಪೆ ಹಾಕುವುದಕ್ಕಿಂತ ಹೊಸದಾಗಿ ಬರೆಸುವುದೇ ಅಗ್ಗ. ಸ್ಕ್ರೀನ್ ವಿನ್ಯಾಸ ಮತ್ತು ಬರೆದಿಟ್ಟ ನಿಯಮಗಳು ಆಗಲೂ ಉಪಯೋಗಕ್ಕೆ ಬರುತ್ತವೆ. ಆ್ಯಪ್ ಅವರ ಖಾತೆಯಲ್ಲಿದ್ದರೆ ಹೊಸ ಪ್ಯಾಕೇಜ್ ಹೆಸರಿನಲ್ಲಿ (ಸ್ಟೋರು ಆ್ಯಪನ್ನು ಗುರುತಿಸುವ ಹೆಸರು) ಹಾಕಬೇಕು, ಹಳೆಯ ಬಳಕೆದಾರರು ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಆ್ಯಪ್ ಆದ ಮೇಲೂ ಖರ್ಚಿದೆಯೇ?
— ಓದುಗರು, ತಾಳವಾಡಿ

ಇದೆ. ಆ್ಯಪ್ ಆಂಡ್ರಾಯ್ಡಿನ ಯಾವ ಆವೃತ್ತಿಗೆ ಹೊಂದಿರಬೇಕೆಂಬ ಗುರಿಯನ್ನು ಗೂಗಲ್ ಪ್ರತಿ ವರ್ಷ ಏರಿಸುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ನ್ನು ಗುರಿಯಾಗಿಸಬೇಕಾಯಿತು, ಅದೇ ನವೆಂಬರ್ 1ರಿಂದ 16 ಕೆಬಿ ಮೆಮೊರಿ ಪುಟಕ್ಕೂ (ಫೋನು ಮೆಮೊರಿಯನ್ನು ಹಂಚುವ ತುಣುಕಿನ ಅಳತೆ) ಹೊಂದಬೇಕಾಯಿತು. ಹಳೆಯ ಲೈಬ್ರರಿಯೊಂದು ಇದಕ್ಕೆ ಒಗ್ಗದಿದ್ದರೆ ಅದನ್ನೇ ಬದಲಿಸಬೇಕಾಗುತ್ತದೆ. ಮಾಡಿಸಿದ ಬೆಲೆಯ ಶೇ. 15ರಿಂದ 20ನ್ನು ವರ್ಷದ ನಿರ್ವಹಣೆಗೆ ತೆಗೆದಿಡಿ.